ಮೂವತ್ತೊಂದನೇ ಪುಟದ ಪದ್ಯ

ಎಂಟೂವರೆಯ ಬಸ್ಸು ಹಿಡಿಯಬೇಕೆಂದು ಆ ಭಾನುವಾರ ನಾಗರತ್ನಾ ಐದಕ್ಕೇ ಎದ್ದು ಇಡೀ ಮನೆಗಾಗುವಷ್ಟು ರೊಟ್ಟಿ ಬಡಿದಿಟ್ಟಿದ್ದಳು. ಗಂಡ ವೀರೇಶನ ಮೊದಲ ಕವನ ಸಂಕಲನದ ಮೇಲೆ ಮುಂಡರಗಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಚರ್ಚೆ ಇತ್ತು. ವೀರೇಶ ಮುಂಡರಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಡಂಬಳದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಮೂವತ್ತು ವರ್ಷದಿಂದ ಬರೆದದ್ದು ಐವತ್ತೊಂದನೇ ವಯಸ್ಸಿಗೆ ಪುಸ್ತಕವಾಗಿತ್ತು. ಹೆಸರು ‘ಬದುವಿನ ಬನ್ನಿ’.

“ನೀವೂ ಬರ್ರಿ ಭಾವಾರ,” ಎಂದು ನಾಗರತ್ನಾ ಗಂಡನ ಅಣ್ಣ ಹುಚ್ಚಪ್ಪನಿಗೆ ಹೇಳಿದಳು.

ಹುಚ್ಚಪ್ಪ ಅರವತ್ತು ದಾಟಿದವನು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಾನು ಎರಡನೇ ತರಗತಿಗೇ ಸಾಲಿ ಬಿಟ್ಟು, ಮುಂದೆ ತಮ್ಮನ ಸಾಲಿಗಾಗಿ ಹೊಲದಲ್ಲಿ ದುಡಿದವನು ಇನ್ನೂ ಹೊಲದಲ್ಲೇ ಇದ್ದ.

“ನಾ ಬಂದು ಏನ ಮಾಡ್ಲಿ ನಾಗರತ್ನಾ? ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ.”

“ಕೇಳಾಕ ಬರತೈತಲ್ರಿ?”

ಹುಚ್ಚಪ್ಪ ನಕ್ಕು, ಒಗೆದಿಟ್ಟ ಧೋತರ ಉಟ್ಟು, ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೊರಟ. ಮಗಳು ಸ್ನೇಹಾ ಕೂಡ ಹೊರಟಳು. ಅವಳಿಗೆ ಹತ್ತೊಂಬತ್ತು, ನಾಗಾವಿಯಲ್ಲಿ ಡಿಗ್ರಿ ಓದುತ್ತಿದ್ದಳು. ಮನೆಯಲ್ಲಿ ಉಳಿದವಳು ವೀರೇಶನ ತಾಯಿ ಗದಿಗೆವ್ವ ಒಬ್ಬಳೇ. ಮೊಣಕಾಲು ನೋವಿನಿಂದ ಅವಳು ಬಸ್ಸು ಹತ್ತುವುದನ್ನು ಬಿಟ್ಟಿದ್ದಳು.

ಗ್ರಂಥಾಲಯದಲ್ಲಿ ಪೇಪರು ಓದುವ ಉದ್ದ ಮೇಜನ್ನು ಗೋಡೆಗೆ ಸರಿಸಿ ನಲವತ್ತು ಕುರ್ಚಿ ಹಾಕಿದ್ದರು. ಎಲ್ಲಾ ತುಂಬಿದ್ದವು. ಗ್ರಂಥಪಾಲಕಿ ಶೈಲಾ ಮೈಕು ಹಿಡಿದು ಎಲ್ಲರನ್ನೂ ಸ್ವಾಗತಿಸಿದಳು. ಪುಸ್ತಕದ ಬಗ್ಗೆ ಮಾತನಾಡಲು ಬಂದವರು ಉಳವಪ್ಪ ಎಂಬ ನಿವೃತ್ತ ಪ್ರಾಧ್ಯಾಪಕರು. ಅವರು ಬಹಳ ಹೊತ್ತು ಹಾಳೆ ಮಗುಚುತ್ತ ಮಾತಾಡಿ, ಕೊನೆಗೆ ಕನ್ನಡಕ ಸರಿಮಾಡಿಕೊಂಡು, “ಮೂವತ್ತೊಂದನೇ ಪುಟಕ್ಕೆ ಬರೋಣ. ಈ ಪುಸ್ತಕದ ಜೀವ ಇಲ್ಲಿದೆ,” ಎಂದರು. ಎದ್ದು ನಿಂತು ಓದಿದರು.

ಮಳೆ ನಿಂತ ಸಂಜೆ ನನ್ನೆರಡು ತೋಳಲ್ಲಿ
ಒಂದು ಮೊರದಷ್ಟೂ ಭಾರವಿರಲಿಲ್ಲ ನೀನು.
ಬದುವಿನ ಬನ್ನಿಯ ಬುಡದಲ್ಲಿ ಮಣ್ಣು ತೆರೆದು
ಮಲಗಿಸಿದೆ ಮಗನೇ,
ಮುಖದ ಮೇಲೆ ಮಾತ್ರ ಮಣ್ಣು ಹಾಕಲಾರದೆ
ಕತ್ತಲಾಗುವತನಕ ನಿಂತೆ.

ಮುಂದಿನ ಸಾಲಿನ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳವಪ್ಪನವರು ಪುಸ್ತಕ ಮಡಚಿದರು. “ನಮ್ಮಲ್ಲಿ ತಾಯಿಯ ದುಃಖ ಹಾಡಿದವರು ಬಹಳ. ತಂದೆಯ ತೋಳಿನ ದುಃಖ ಹೇಳಿದವರು ಎಷ್ಟು ಜನ? ಈ ತಂದೆ ಹೇಳಿದ್ದಾರೆ,” ಎಂದು ವೀರೇಶನ ಕಡೆ ಕೈಮಾಡಿದರು. ವೀರೇಶ ಕರವಸ್ತ್ರ ತೆಗೆದು ಕಣ್ಣಿಗೊತ್ತಿಕೊಂಡ. “ಆ ಮಗುವಿನ ತಾಯಿಯೂ ಇಲ್ಲೇ ಕೂತಿದ್ದಾರೆ,” ಎಂದು ಉಳವಪ್ಪನವರು ಮುಂದುವರಿಸಿದರು.

ಎಲ್ಲರೂ ತಿರುಗಿ ನೋಡಿದರು. ನಾಗರತ್ನಾ ಸೀರೆಯ ಅಂಚನ್ನು ಹಿಡಿದು ನೆಲ ನೋಡುತ್ತ ಕೂತಿದ್ದಳು. ಆ ಪದ್ಯವನ್ನು ಅವಳು ಮೊದಲ ಸಲ ಕೇಳಿದ್ದು. ಪುಸ್ತಕ ಮನೆಗೆ ಬಂದು ತಿಂಗಳಾಗಿತ್ತು. ಅವಳು ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದಳೇ ಹೊರತು ತೆರೆದಿರಲಿಲ್ಲ. ಪಕ್ಕದಲ್ಲಿ ಹುಚ್ಚಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ.

“ಕವಿಗಳ ಅಣ್ಣಾರೂ ಬಂದಾರ. ಎರಡ ಮಾತ ಹೇಳ್ರಿ,” ಎಂದು ಶೈಲಾ ಮೈಕು ತಂದು ಅವನ ಕೈಗೆ ಕೊಟ್ಟಳು.

ಹುಚ್ಚಪ್ಪ ಎದ್ದು ನಿಂತ. ಮೈಕನ್ನು ಬಾಯಿಗೆ ಬಹಳ ಹತ್ತಿರ ಹಿಡಿದಿದ್ದರಿಂದ ಅವನ ಉಸಿರು ಇಡೀ ಕೋಣೆಗೆ ಕೇಳಿಸಿತು. “ನಾ ಓದಾಕ ಬರಲಾರದಾಂವ. ಪುಸ್ತಕ ಚಲೋ ಐತಿ,” ಎಂದು ಹೇಳಿ ಕೂತುಬಿಟ್ಟ.

ಜನ ಚಪ್ಪಾಳೆ ತಟ್ಟಿದರು. ಹೊರಗೆ ಚಹಾ ಕುಡಿಯುವಾಗ ಇಬ್ಬರು ಹೆಂಗಸರು ನಾಗರತ್ನಾಳ ಕೈ ಹಿಡಿದು, “ಇಂಥಾ ಕರುಳಿನ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ್ರೀ,” ಎಂದರು. ಅವಳು “ಹೂಂನ್ರಿ” ಎಂದಳು.

ಮನೆಗೆ ಬಂದು ಊಟಕ್ಕೆ ಕೂತಾಗ ಗದಿಗೆವ್ವ ಬಿಡದೆ ಕೇಳಿದಳು.

“ಏನೇನಾತು ಹೇಳ್ರಲೇ. ಮಂದಿ ಕೂಡಿತ್ತೋ ಇಲ್ಲೋ?”

“ಭಾಳ ಮಂದಿ ಕೂಡಿತ್ತು ಆಯಿ. ಮೂವತ್ತೊಂದನೇ ಪುಟದ ಪದ್ಯಾ ಕೇಳಿ ಎಲ್ಲಾರೂ ಅತ್ರು,” ಎಂದಳು ಸ್ನೇಹಾ.

“ಯಾವುದದು? ನನಗೂ ಓದ.”

“ಈಗ್ಯಾಕ ಬಿಡ ಯವ್ವಾ. ಉಣ್ಣು,” ಎಂದ ವೀರೇಶ.

“ಮಂದಿಗೆ ಓದ್ತೀರಿ, ನನಗ ಓದೂದಿಲ್ಲೇನು? ಓದ ಸ್ನೇಹಾ.”

ಸ್ನೇಹಾ ಕೈ ತೊಳೆದು ಬಂದು ಓದಿದಳು. ಗದಿಗೆವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು. ಓದಿ ಮುಗಿದ ಮೇಲೆ ಕೇಳಿದಳು:

“ನಮ್ಮ ಹೊಲದಾಗ ಬನ್ನಿ ಗಿಡಾ ಎಲ್ಲೈತಿ?”

ವೀರೇಶ ನೀರಿನ ತಂಬಿಗೆ ಎತ್ತಿಕೊಂಡ. ಗದಿಗೆವ್ವ ತಾನೇ ಮುಂದುವರಿಸಿದಳು:

“ಬೇವಿನ ಗಿಡಾ ಐತಿ. ಅದೂ ಹಳ್ಳದ ಕಡಿಗೆ. ಮತ್ತ ಕೂಸಿನ್ನ ಹೊತಗೊಂಡು ಹೋದಾಂವ ಹುಚ್ಚಪ್ಪ. ಇಂವ ಅವತ್ತ ಎಲ್ಲಿದ್ದ?”

“ಯವ್ವಾ, ಪದ್ಯಾ ಅಂದ್ರ ನಡೆದದ್ದನ್ನ ನಡೆದಂಗ ಬರಿಯೂದಲ್ಲ,” ಎಂದ ವೀರೇಶ. “ಪದ್ಯದಾಗ ‘ನಾನು’ ಅಂದ್ರ ಬರದಾಂವನ ಇರಬೇಕಂತ ಇಲ್ಲ.”

“ಅವತ್ತ ನೀ ಎಲ್ಲಿದ್ದಿ ಅಪ್ಪಾ?” ಎಂದು ಸ್ನೇಹಾ ಕೇಳಿದಳು. ತನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿ ನಾಲ್ಕು ತಿಂಗಳಿಗೆ ಜ್ವರ ಬಂದು ಹೋದದ್ದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

“ಲಕ್ಷ್ಮೇಶ್ವರದಾಗ ಕವಿಗೋಷ್ಠಿ ಇತ್ತು. ಹೋಗಿದ್ದೆ. ಖಬರ ಸಿಗೂದು ತಡಾ ಆತು.”

“ಇಂವ ಬಂದಾಗ ಎಂಟ ಹೊಡದಿತ್ತು,” ಎಂದಳು ಗದಿಗೆವ್ವ. “ಎಲ್ಲಾ ಮುಗಿದು ಮಂದಿ ಜಳಕಾ ಮಾಡಿ ಮನಿಗೆ ಹೋಗಿದ್ರು.”

ನಾಗರತ್ನಾ ಅಷ್ಟು ಹೊತ್ತೂ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಈಗ ತಿರುಗಿದಳು.

“ಅವರೆಲ್ಲಾ ನನ್ನ ಕಡೆ ನೋಡಾಕತ್ತಿದ್ರು. ನನಗ ಎಲ್ಲಿ ಮಾರಿ ಇಟಗೋಬೇಕು ತಿಳೀಲಿಲ್ಲ. ಇಲ್ಲ ಅಂದ್ರ ನಿಮ್ಮ ಮರ್ಯಾದಿ ಹೋಗತೈತಿ, ಹೌದು ಅಂದ್ರ ಭಾವಾರ ಬಾಜೂಕ ಕುಂತಾರ. ಹೂಂ ಅಂದು ಬಂದೆ.”

“ಬಿಡ್ರಿ, ಯಾರ ಹೊತ್ತರ ಏನಾತು?” ಎಂದು ಹುಚ್ಚಪ್ಪ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಅವನ ತಾಟಿನಲ್ಲಿ ಒಂದೂವರೆ ರೊಟ್ಟಿ ಹಾಗೇ ಉಳಿದಿತ್ತು.

ಮರುದಿನದಿಂದ ಹುಚ್ಚಪ್ಪ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಹೆಸರುಕಾಳು ಬಿಡಿಸುವ ಸುಗ್ಗಿ ನಡೆದಿತ್ತು. ನಸುಕಿಗೇ ಬುತ್ತಿ ಕಟ್ಟಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ, ಸಂಜೆ ಬಂದು ಎತ್ತುಗಳಿಗೆ ನೀರು ಕುಡಿಸಿ ಕಟ್ಟೆಯ ಮೇಲೆ ತಾಟು ತರಿಸಿಕೊಂಡು ಉಣ್ಣುತ್ತಿದ್ದ. ಸಿಟ್ಟು ಮಾಡಿಕೊಂಡವನಂತೆ ಇರಲಿಲ್ಲ. ತಮ್ಮ ಎದುರಿಗೆ ಬಂದರೆ ತಾನೇ ತಪ್ಪು ಮಾಡಿದವನ ಹಾಗೆ ದಾರಿ ಬಿಟ್ಟು ಸರಿದು ನಿಲ್ಲುತ್ತಿದ್ದ.

ನಾಗರತ್ನಾ ನೀರಿಗೆ ಹೋಗುವ ಹೊತ್ತು ಬದಲಿಸಿದಳು. ಗ್ರಂಥಾಲಯದ ಕಾರ್ಯಕ್ರಮದ ವಿಡಿಯೋ ಓಣಿಯ ಎಲ್ಲರ ಫೋನಿಗೂ ಬಂದಿತ್ತು. ನಳದ ಹತ್ತಿರ ಹೆಂಗಸರು, “ನಿಮ್ಮ ಮನಿಯವರು ಎಷ್ಟ ಮೆತ್ತಗಿನ ಮನಸ್ಸಿನವರು ಅದಾರವಾ,” ಎಂದರೆ ಅವಳಿಗೆ ಕೊಡ ತುಂಬುವವರೆಗೂ ನಿಲ್ಲಲು ಆಗುತ್ತಿರಲಿಲ್ಲ. ಹತ್ತಿರದ ಮನೆಯ ಕಳಕವ್ವ ಮಾತ್ರ ಒಂದು ದಿನ ದನಿ ತಗ್ಗಿಸಿ, “ಅಲ್ಲ, ಅವತ್ತ ನಾನೂ ಇದ್ದೆ. ಹೊತ್ತಾಂವ ಹುಚ್ಚಪ್ಪಣ್ಣ ಅಲ್ಲೇನು?” ಎಂದಳು. ನಾಗರತ್ನಾ ಅರ್ಧ ಕೊಡ ಹೊತ್ತುಕೊಂಡೇ ಮನೆಗೆ ಬಂದಳು.

ಎರಡನೆಯ ವಾರ ಸ್ನೇಹಾ ಕಾಲೇಜಿನಿಂದ ಬಂದವಳೇ ಚೀಲವನ್ನು ತಂದೆಯ ಮುಂದೆ ಇಟ್ಟಳು.

“ನಮ್ಮ ಮೇಡಂ ಇವತ್ತ ಕ್ಲಾಸಿನ್ಯಾಗ ನಿನ್ನ ವಿಡಿಯೋ ತೋರಿಸಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ತಲಿ ತಗ್ಗಿಸಿ ಕುಂತಿದ್ದೆ. ಅಳಾಕತ್ತಾಳ ಅಂತ ತಿಳಕೊಂಡು ನೀರ ತಂದ ಕೊಟ್ರು.”

“ನಾ ಅವತ್ತ ಹೇಳಿದ್ನಲ್ಲ, ಪದ್ಯದಾಗ ‘ನಾನು’ ಅಂದ್ರ—”

“ಹಂಗಾದ್ರ ಅದನ್ನ ಅಲ್ಲೇ ಯಾಕ ಹೇಳಲಿಲ್ಲ? ಅವರು ‘ಈ ತಂದೆ’ ಅಂತ ನಿನ್ನ ಕಡೆ ಕೈ ಮಾಡಿದಾಗ ನೀ ಕಣ್ಣ ಒರಸ್ಕೊಂಡಿ. ನಾ ನೋಡೇನಿ. ವಿಡಿಯೋದಾಗೂ ಐತಿ.”

ವೀರೇಶ ಚೀಲ ಬದಿಗೆ ಸರಿಸಿ ಎದ್ದು ಹಿತ್ತಲಿಗೆ ಹೋದ. ಹುಚ್ಚಪ್ಪ ಎತ್ತುಗಳಿಗೆ ಕಣಿಕೆ ಹಾಕುತ್ತಿದ್ದ.

“ಅಣ್ಣಾ, ನಿನಗ ಸಿಟ್ಟ ಬಂದಿದ್ರ ಬೈದಬಿಡು.”

“ಸಿಟ್ಟ ಎಲ್ಲಿದು ತಮ್ಮಾ.”

“ಮತ್ತ ಯಾಕ ಹಿಂಗ ಒಬ್ಬನ ಉಣ್ಣಾಕತ್ತಿ?”

ಹುಚ್ಚಪ್ಪ ಕಣಿಕೆಯ ಸಿವುಡು ಕೆಳಗಿಟ್ಟ. “ನೀ ಹೊತ್ತೆ ಅಂತ ಬರಕೊಂಡಿ. ಬರಕೋ. ನಿನ್ನ ಮಗಾ. ಆದರ ಮಾರಿ ಮ್ಯಾಲ ಮಣ್ಣ ಹಾಕಾಕ ಆಗಲಿಲ್ಲ ಅಂದದ್ದು… ಅದನ್ನ ನಾ ನಿನಗೊಬ್ಬಗ ಹೇಳಿದ್ದೆ. ಇದ ಕೊಟ್ಟಿಗ್ಯಾಗ ಕುಂತ ಅತ್ತ ಹೇಳಿದ್ದೆ. ನಮ್ಮವ್ವಗೂ ಹೇಳಿರಲಿಲ್ಲ. ಈಗ ಅದನ್ನ ಮೈಕಿನ್ಯಾಗ ಓದ್ತಾರ.” ಅವನು ಮತ್ತೆ ಸಿವುಡು ಎತ್ತಿಕೊಂಡ. “ನನ್ನ ವಲ್ಲಿ ಹೊಚ್ಚಿ ಆಮ್ಯಾಲ ಮಣ್ಣ ಎಳದೆ. ಅದನ್ನ ಹೇಳಿರಲಿಲ್ಲ ನಿನಗ. ಹೇಳಿದ್ರ ಅದನ್ನೂ ಬರೀತಿದ್ದಿ.”

ವೀರೇಶನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೂರನೆಯ ವಾರ ಲಕ್ಷ್ಮೇಶ್ವರದ ಗ್ರಂಥಾಲಯದವರು ಅದೇ ಪುಸ್ತಕದ ಮೇಲೆ ಮಾತಿಗೆ ಕರೆದಿದ್ದರು. ಅಂದು ಬೆಳಿಗ್ಗೆ ಚಹಾ ಕುಡಿಯುವಾಗ ಅವನು ಮಗಳಿಗೆ, “ಇವತ್ತ ಮಂದಿ ಮುಂದ ಎಲ್ಲಾ ಹೇಳತೇನಿ. ಬರ್ತಿಯೇನು?” ಎಂದ.

“ಖರೇನ ಹೇಳತಿ?”

“ಖರೇನ.”

ಸ್ನೇಹಾ ಅವ್ವನ ಕಡೆ ನೋಡಿದಳು. “ಹೋಗಿ ಬಾ. ನಾ ಬರೂದಿಲ್ಲ. ಹೆಸರು ಬಡಿಯೂದೈತಿ,” ಎಂದಳು ನಾಗರತ್ನಾ.

ಲಕ್ಷ್ಮೇಶ್ವರದಲ್ಲಿ ವೀರೇಶ ಮಾತು ಉಳಿಸಿಕೊಂಡ. ಯಾರೋ ಮೂವತ್ತೊಂದನೇ ಪುಟ ಓದಲು ಕೇಳಿದಾಗ ಎದ್ದು ನಿಂತು, “ಇದರಲ್ಲಿರುವ ತೋಳು ನನ್ನದಲ್ಲ, ನಮ್ಮ ಅಣ್ಣನದು,” ಎಂದ. ಮಗನನ್ನು ಮಣ್ಣು ಮಾಡಿದವನು ಅಣ್ಣ, ತಾನು ಆ ದಿನ ಇದೇ ಊರಿನಲ್ಲಿದ್ದೆ, ಸುದ್ದಿ ತಡವಾಗಿ ಸಿಕ್ಕಿತು, ಹೋಗುವುದರೊಳಗೆ ಎಲ್ಲ ಮುಗಿದಿತ್ತು ಎಂದ. “ಅಣ್ಣನ ನೋವನ್ನು ನನ್ನದೆಂದು ಬರೆದೆ. ನಾಚಿಕೆಯಾಗುತ್ತದೆ,” ಎಂದು ಕೂತ.

ಆಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಎಲ್ಲರೂ ಎದ್ದು ನಿಂತರು. ಅಧ್ಯಕ್ಷತೆ ವಹಿಸಿದವರು, “ಇಂಥ ಪ್ರಾಮಾಣಿಕತೆಯನ್ನು ನಾನು ಯಾವ ಕವಿಯಲ್ಲೂ ಕಂಡಿಲ್ಲ,” ಎಂದು ಅವನಿಗೆ ಶಾಲು ಹೊದಿಸಿದರು. ಸ್ನೇಹಾ ಬಂದು ತಂದೆಯ ತೋಳು ಹಿಡಿದುಕೊಂಡಳು. ಮೂರು ವಾರದಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

ಆಗ ಬಿಳಿ ಗಡ್ಡದ ಒಬ್ಬ ಮುದುಕ ಕೋಲೂರುತ್ತ ಹತ್ತಿರ ಬಂದ.

“ಗುರ್ತ ಸಿಕ್ಕಿತೇನ್ರಿ ಸರ? ನಾ ಮೊಹಸಿನ. ಬಜಾರದಾಗ ನಂದ ಎಸ್‌ಟಿಡಿ ಬೂತ್ ಇತ್ತು. ನಿಮ್ಮ ಕವಿಗೋಷ್ಠಿ ಕಾರ್ಡಿನ ಮ್ಯಾಲ ನಮ್ಮ ನಂಬರ ಹಾಕಿದ್ರು.”

ವೀರೇಶ ಶಾಲಿನ ಅಂಚು ಹಿಡಿದುಕೊಂಡ.

“ನಿಮ್ಮ ಅಣ್ಣಾರ ಫೋನ ನಾನ ತಗೊಂಡಿದ್ದೆ. ‘ಕೂಸು ಹ್ವಾತು, ಲಗೂ ಬಾ ಅಂತ ಹೇಳ್ರಿ’ ಅಂದ್ರು. ಅವರ ದನಿ ಈಗೂ ಕಿವ್ಯಾಗ ಐತ್ರಿ. ಅಂಗಡಿ ಹಂಗ ಬಿಟ್ಟು ಓಡಿ ಬಂದು ನಿಮ್ಮ ಕೈಯಾಗ ಚೀಟಿ ಕೊಟ್ಟೆ. ಹನ್ನೊಂದ ಆಗಿತ್ತು. ಹನ್ನೊಂದೂವರಿಗೆ ಬಸ್ಸಿತ್ತಲ್ರಿ, ಸಿಕ್ಕಿರಬೇಕು ಅಂತ ಇಷ್ಟ ವರ್ಷ ತಿಳಕೊಂಡಿದ್ದೆ. ಸಿಗಲಿಲ್ಲೇನ್ರಿ?”

“ಸಿಗಲಿಲ್ಲ,” ಎಂದ ವೀರೇಶ.

“ಪಾಪ,” ಎಂದು ಮೊಹಸಿನ ಅವನ ಬೆನ್ನು ಸವರಿ ಹೋದ.

ಸ್ನೇಹಾ ಹಿಡಿದಿದ್ದ ತೋಳನ್ನು ಬಿಟ್ಟಳು.

ಬಸ್ಸು ಶಿರಹಟ್ಟಿ ದಾಟುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು: “ಹನ್ನೊಂದಕ್ಕ ಖಬರ ಸಿಕ್ಕೈತಿ. ಆ ಬಸ್ಸ ತಪ್ಪಿದ್ರ ಹನ್ನೆರಡಕ್ಕ ಇನ್ನೊಂದಿರತಿತ್ತು. ನೀ ಮನಿಗೆ ಬಂದದ್ದು ರಾತ್ರಿ ಎಂಟಕ್ಕ. ಏನ ಮಾಡಾಕತ್ತಿದ್ದಿ?”

ವೀರೇಶ ತೊಡೆಯ ಮೇಲಿನ ಶಾಲನ್ನು ಸುತ್ತಿ ಚೀಲಕ್ಕೆ ಹಾಕಿದ. “ನನ್ನ ಪಾಳಿ ಮೂರನೇದಿತ್ತು,” ಎಂದ. “ಓದಿ ಹೋಗೂನು ಅಂತ ಕುಂತೆ. ಯಾರೋ ದೊಡ್ಡವರು ಬಂದ್ರು, ಅವರಿಗೆ ಮೊದಲ ಕೊಟ್ರು. ಆಮ್ಯಾಲ ಊಟಕ್ಕ ಬಿಟ್ರು. ಊಟಾದ ಮ್ಯಾಲ ನಂದ ಅಂದ್ರು. ಪ್ರತಿ ಸಲ ಇನ್ನೇನ ನಂದ ಬಂತು ಅನ್ನಿಸ್ತಿತ್ತು. ಓದಿದಾಗ ಮೂರೂವರಿ ಆಗಿತ್ತು. ಆಮ್ಯಾಲ ಬಸ್ಸ ಸಿಕ್ಕದ್ದು ಐದಕ್ಕ.”

“ಊಟಾ ಮಾಡಿದೇನು?”

ವೀರೇಶ ತಲೆ ತಗ್ಗಿಸಿದ.

“ಅವ್ವಗ ನೀ ಹೇಳತಿಯೋ, ನಾ ಹೇಳ್ಲೋ?” ಎಂದಳು ಸ್ನೇಹಾ.

ಮನೆಗೆ ಬರುವುದರೊಳಗೆ ಲಕ್ಷ್ಮೇಶ್ವರದ ಸುದ್ದಿ ಫೋನಿನಲ್ಲಿ ಬಂದಿತ್ತು. ಗದಿಗೆವ್ವ ಮಗನನ್ನು ಕರೆದು ತಲೆ ಸವರಿದಳು. ಹುಚ್ಚಪ್ಪ ಅಂದು ಒಳಗೆ ಬಂದು ಎಲ್ಲರ ಜೊತೆ ಊಟಕ್ಕೆ ಕೂತ. ನಾಗರತ್ನಾ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಗಂಡನಿಗೆ ಎರಡು ಸಲ ಬಡಿಸಿದಳು. ವೀರೇಶ ತಾಟಿನಲ್ಲಿದ್ದದ್ದನ್ನು ಕಲೆಸುತ್ತ ಕೂತ. ಸ್ನೇಹಾ ಹೊಟ್ಟೆ ನೋಯುತ್ತದೆಂದು ಹೇಳಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಸ್ನೇಹಾ ಕಾಲೇಜಿಗೆ ಹೊರಡದೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ನಾಗರತ್ನಾ ರೊಟ್ಟಿ ಬಡಿಯುತ್ತಿದ್ದಳು. ಹುಚ್ಚಪ್ಪ ಬುತ್ತಿಗಾಗಿ ಕಾಯುತ್ತ ಕೂತಿದ್ದ. ವೀರೇಶ ಬಂದು ನೆಲದ ಮೇಲೆ ಕೂತ.

“ಒಂದ ಮಾತ ಹೇಳೂದು ಉಳದೈತಿ,” ಎಂದ. “ಖಬರ ತಡಾ ಆಗಿರಲಿಲ್ಲ. ಹನ್ನೊಂದಕ್ಕ ಚೀಟಿ ಕೈಗೆ ಬಂದಿತ್ತು. ಕೂಸು ಹ್ವಾತು ಅಂತ ಬರದಿತ್ತು. ನಾ ಪದ್ಯಾ ಓದೂ ಸಲುವಾಗಿ ಕುಂತೆ. ಮೂರೂವರಿ ತನಾ.”

ನಾಗರತ್ನಾಳ ಕೈ ಹಿಟ್ಟಿನ ಮೇಲೆ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು. ಯಾರೂ ಅದನ್ನು ತಿರುವಿಹಾಕಲಿಲ್ಲ.

ಮೊದಲು ಮಾತಾಡಿದವನು ಹುಚ್ಚಪ್ಪ. “ನಾ ಬಸ್‌ಸ್ಟ್ಯಾಂಡಿನ್ಯಾಗ ನಿಂತಿದ್ದೆ,” ಎಂದ. ಅವನ ದನಿ ಏರಲಿಲ್ಲ. “ಒಂದರ ಬಸ್ಸ ನೋಡಿದೆ. ಎರಡರದ್ದ ನೋಡಿದೆ. ನಾಕರದ್ದೂ ನೋಡಿದೆ. ಮಳಿ ಬರತಿತ್ತು. ಹಿರ್ಯಾರು ಕೂಸಿನ್ನ ಎತ್ತೂನು ಅಂತಿದ್ರು. ಅವರಪ್ಪ ಬರತಾನ, ಇನ್ನೊಂದ ಬಸ್ಸ ನೋಡೂನು ಅಂತ ಕೈ ಮುಗದ ಕುಂಡ್ರಿಸಿದ್ದೆ. ಪದ್ಯಾ ಓದಾಕ ಕುಂತಾನ ಅಂತ ಗೊತ್ತಿದ್ರ…” ಅವನು ಮುಗಿಸಲಿಲ್ಲ.

ಪಡಸಾಲೆಯಿಂದ ಗದಿಗೆವ್ವ ಕೂಗಿದಳು: “ಏನಂದ ಆಂವ? ನನಗ ಸರೀ ಕೇಳಲಿಲ್ಲ. ಏನಂದ?”

ಸ್ನೇಹಾ ಹೋಗಿ ಆಯಿಯ ಕಿವಿಯ ಹತ್ತಿರ ಹೇಳಿದಳು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ನಾಗರತ್ನಾ ಕರಕಲಾದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ಸೌದೆ ಹಿಂದಕ್ಕೆಳೆದು ಒಲೆ ತಗ್ಗಿಸಿದಳು. ಆಮೇಲೆ ಗಂಡನನ್ನು ಕೇಳಿದಳು:

“ಅವತ್ತ ಯಾವ ಪದ್ಯಾ ಓದಿದ್ರಿ?”

ವೀರೇಶ ಅವಳ ಮುಖ ನೋಡಿದ.

“ಯಾವುದದು? ಅಷ್ಟ ದೊಡ್ಡದು, ನಾಕ ತಾಸ ಕುಂತ ಓದೂವಂಥಾದ್ದು? ಹೇಳ್ರಿ, ನಾನೂ ಕೇಳತೇನಿ.”

ವೀರೇಶ ನೆನಪು ಮಾಡಿಕೊಂಡ. ಮಳೆಯ ಮೇಲಿನದೋ, ಊರ ಕೆರೆಯ ಮೇಲಿನದೋ. ಆ ದಿನಗಳ ಪದ್ಯಗಳನ್ನೆಲ್ಲ ಅವನು ಆಮೇಲೆ ಹರಿದು ಹಾಕಿದ್ದ. ಪುಸ್ತಕಕ್ಕೆ ಅವುಗಳಲ್ಲಿ ಒಂದೂ ಬಂದಿರಲಿಲ್ಲ. ಒಂದು ಸಾಲಾದರೂ ಸಿಗುತ್ತದೇನೋ ಎಂದು ಹುಡುಕಿದ. ಹೆಂಡತಿ, ಅಣ್ಣ, ಬಾಗಿಲಿಗೆ ಮರಳಿ ಬಂದ ಮಗಳು, ಮೂವರೂ ಕಾಯುತ್ತಿದ್ದರು.

“ನೆನಪಿಲ್ಲ,” ಎಂದ.

ನಾಗರತ್ನಾ ಅಳಲಿಲ್ಲ, ಬೈಯಲೂ ಇಲ್ಲ. ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ಪರಾತಕ್ಕೆ ಉದುರಿಸಿ ಎದ್ದಳು. “ಭಾವಾರ, ನಡೀರಿ. ನನಗ ಆ ಜಾಗಾ ತೋರಸ್ರಿ,” ಎಂದಳು. “ಅವತ್ತ ಹೆಣ್ಣಮಕ್ಕಳು ಬರಬಾರದಂತ ನನ್ನ ಬಿಡಲಿಲ್ಲ. ಆಮ್ಯಾಲೂ ಹೊಲಕ್ಕ ಕಸಾ ತಗಿಯಾಕ ಬಂದಾಗೆಲ್ಲಾ ನೀವು ನನ್ನ ಹಳ್ಳದ ಕಡಿಗೆ ಬಿಡತಿರಲಿಲ್ಲ. ನಾನೂ ಕೇಳತಿರಲಿಲ್ಲ. ಇವತ್ತ ತೋರಸ್ರಿ.”

ಹುಚ್ಚಪ್ಪ ಎದ್ದ. ವೀರೇಶನೂ ಎದ್ದು ಚಪ್ಪಲಿ ಮೆಟ್ಟಲು ಹೋದ.

“ನೀವು ಬ್ಯಾಡ,” ಎಂದಳು ನಾಗರತ್ನಾ. “ಅತ್ತಿ ಉಪಾಸ ಅದಾರ. ನೋಡ್ಕೋರಿ.”

ಸ್ನೇಹಾ ಅವ್ವನ ಜೊತೆ ಹೋದಳು. ವೀರೇಶ ಒಲೆಯ ಮುಂದೆ ಕೂತು ಉಳಿದ ಹಿಟ್ಟನ್ನು ನೋಡಿದ. ಐವತ್ತೊಂದು ವರ್ಷದಲ್ಲಿ ಒಂದು ರೊಟ್ಟಿ ಬಡಿದವನಲ್ಲ. ಹಿಟ್ಟು ತಟ್ಟಿದ, ಅಂಚು ಸೀಳಿತು. ಮತ್ತೆ ಮುದ್ದೆ ಮಾಡಿ ತಟ್ಟಿದ, ಎತ್ತುವಾಗ ಎರಡಾಯಿತು. ಮೂರು ತುಂಡಾಗಿ ಬೆಂದದ್ದನ್ನು ತಾಟಿನಲ್ಲಿ ಹಾಕಿ ಮೇಲೆ ಶೇಂಗಾ ಹಿಂಡಿ, ಮೊಸರು ಹಾಕಿ ತಾಯಿಯ ಮುಂದಿಟ್ಟ.

ಗದಿಗೆವ್ವ ತಿರುಗಲಿಲ್ಲ. “ನಿನ್ನ ಕೈಲೆ ಬ್ಯಾಡ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅವರು ಬರಲಿ,” ಎಂದಳು.

ಅವರು ಬಂದಾಗ ಮಧ್ಯಾಹ್ನವಾಗಿತ್ತು. ನಾಗರತ್ನಾಳ ಪಾದ, ಸೀರೆಯ ಅಂಚು ಎರೆಮಣ್ಣಾಗಿತ್ತು. ಅವಳು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದು, ಅತ್ತೆಗೆ ಬಿಸಿ ರೊಟ್ಟಿ ಮಾಡಿ ಉಣ್ಣಿಸಿದಳು. ಎಲ್ಲರಿಗೂ ಬಡಿಸಿದಳು. ವೀರೇಶನ ತಾಟಿಗೆ ಬಡಿಸಲಿಲ್ಲ, ಅದನ್ನು ತೆಗೆದಿಡಲೂ ಇಲ್ಲ. ಅವನು ತಾನೇ ಬಡಿಸಿಕೊಂಡು ಉಂಡ.

ಹಿತ್ತಲಲ್ಲಿ ಅಣ್ಣ ಒಬ್ಬನೇ ಸಿಕ್ಕಾಗ ವೀರೇಶ ಕೇಳಿದ: “ಅಣ್ಣಾ, ಎಲ್ಲಿ ಬರತೈತಿ ಅದು? ಗಿಡದಿಂದ ಯಾವ ಕಡೆ?”

“ನಾಗರತ್ನಾಗ ತೋರಿಸೇನಿ,” ಎಂದ ಹುಚ್ಚಪ್ಪ. “ಆಕಿನ್ನ ಕೇಳು.”

ಅವಳನ್ನು ಕೇಳಲು ವೀರೇಶನಿಗೆ ಬಾಯಿ ಬರಲಿಲ್ಲ. ದಿನಾ ಸಾಲಿಗೆ ಹೋಗಿ ಬರುತ್ತಿದ್ದ. ಸ್ಟಾಫ್ ರೂಮಿನಲ್ಲಿ ಯಾರಾದರೂ ಲಕ್ಷ್ಮೇಶ್ವರದ ಮಾತು ತೆಗೆದು, “ಎಷ್ಟ ಧೈರ್ಯಾ ಬೇಕ್ರಿ ಸರ, ಹಂಗ ಒಪ್ಪಕೊಳ್ಳಾಕ,” ಎಂದರೆ ಮಕ್ಕಳ ನೋಟುಬುಕ್ಕು ತಿದ್ದುವ ನೆಪ ಮಾಡಿ ಏಳುತ್ತಿದ್ದ. ಗದಗಿನಲ್ಲಿ ಇನ್ನೊಂದು ಚರ್ಚೆ ಇಡುತ್ತೇವೆಂದು ಫೋನು ಬಂತು. ಬೇಡ ಎಂದ. ಯಾಕೆ ಎಂದು ಕೇಳಿದರು. “ಮನ್ಯಾಗ ಕೆಲಸ ಅದಾವ್ರಿ,” ಎಂದ. ಶಾಲನ್ನು ಸ್ನೇಹಾ ತೊಳೆಯಲು ಹಾಕಿದ ಅರಿವೆಯ ಗಂಟಿನ ಕೆಳಗೆ ತುರುಕಿದ್ದಳು. ಅವನು ಅದನ್ನು ಹೊರಗೆ ತೆಗೆಯಲಿಲ್ಲ. ಸಂಜೆ ಬಂದು ಕೊಡ ತೆಗೆದುಕೊಂಡು ತಾನೇ ನಳಕ್ಕೆ ಹೋಗತೊಡಗಿದ. ಅಲ್ಲಿ ಹೆಂಗಸರು ಸರಿದು ಜಾಗ ಬಿಡುತ್ತಿದ್ದರು. ಕಳಕವ್ವ ಒಬ್ಬಳೇ ಅವನನ್ನು ನೇರ ನೋಡುತ್ತಿದ್ದಳು.

ಒಂಬತ್ತನೆಯ ದಿನ ಸಾಲಿಗೆ ಸೂಟಿ ಇತ್ತು. ಗದಿಗೆವ್ವ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ನಾಗರತ್ನಾ ಅಂಗಳದಲ್ಲಿ ಮೊರ ಹಿಡಿದು ಹೊಸ ಹೆಸರುಕಾಳು ಹಸನು ಮಾಡುತ್ತಿದ್ದಳು. ವೀರೇಶ ಬಂದು ಎದುರಿಗೆ ಕೂತು ಒಂದೊಂದೇ ಹರಳು ಹೆಕ್ಕತೊಡಗಿದ. ಅವಳು ಬೇಡ ಎನ್ನಲಿಲ್ಲ.

ಅರ್ಧ ಮೊರ ಮುಗಿದ ಮೇಲೆ ಅವನು ತಲೆ ಎತ್ತದೆ ಕೇಳಿದ: “ಅದು ಎಲ್ಲಿ ಐತಿ?”

ನಾಗರತ್ನಾಳ ಬೆರಳು ಕಾಳಿನ ಮೇಲೆ ಓಡಾಡುತ್ತಲೇ ಇತ್ತು.

“ಬೇವಿನ ಗಿಡದಿಂದ ಹಳ್ಳದ ಕಡಿಗೆ ಹನ್ನೆರಡ ಹೆಜ್ಜಿ,” ಎಂದಳು ಅವಳು. “ಭಾವಾರ ಹೆಜ್ಜಿ. ನಿಮ್ಮವು ಸಣ್ಣವು, ಹದಿನಾಕ ಆಗತಾವ. ಗುರ್ತ ಏನಿಲ್ಲ. ಕಲ್ಲಿಲ್ಲ. ಅಲ್ಲಿ ಭಾವಾರ ಏನೂ ಬಿತ್ತಿಲ್ಲ, ಕರಿಕಿ ಹುಲ್ಲ ಬೆಳದೈತಿ. ಅದನ್ನ ನೋಡ್ರಿ, ತಿಳಿತೈತಿ.”

ವೀರೇಶ ಎದ್ದ. ಅಂಗಿಯ ತೋಳು ಇಳಿಸಿಕೊಂಡು ಗೇಟಿನವರೆಗೆ ಹೋದ.

“ಇಲ್ಲಿ ಕೇಳ್ರಿ,” ಎಂದು ನಾಗರತ್ನಾ ಹಿಂದಿನಿಂದ ಕರೆದಳು.

ಅವನು ತಿರುಗಿ ನಿಂತ. ಅವಳು ಮೊರದಿಂದ ಕಣ್ಣು ಎತ್ತಿರಲಿಲ್ಲ.

“ಕಿಸೇದಾಗ ಪೆನ್ನ ಐತಿ. ಅದನ್ನ ಇಲ್ಲಿಟ್ಟ ಹೋಗ್ರಿ.”

ವೀರೇಶ ಮರಳಿ ಬಂದು ಪೆನ್ನು ತೆಗೆದ. ಎಲ್ಲಿಡಬೇಕೆಂದು ತಿಳಿಯದೆ, ಆರಿಸಿದ ಹರಳಿನ ಪಕ್ಕದಲ್ಲಿ ನೆಲದ ಮೇಲೆ ಇಟ್ಟು, ಬರಿಗೈಯಲ್ಲಿ ಹೊಲದ ದಾರಿ ಹಿಡಿದ.